ತರಗತಿಯಲ್ಲಿ ಪೇಪರ್ ಓದಿಸುವ ಟೀಚರ್‌ಗಳಿಗೆ

ನಾಲ್ಕೈದನೇ ತರಗತಿಯ ಮಕ್ಕಳ ಕೈಗೆ ಇಡೀ ಪೇಪರ್ ಕೊಡಬೇಡಿ. ಬಿಡಿಸಿದ ಹಾಳೆ ಡೆಸ್ಕಿಗಿಂತ ದೊಡ್ಡದು, ಐದೇ ನಿಮಿಷದಲ್ಲಿ ಹರಿದು ಗದ್ದಲವಾಗುತ್ತದೆ. ನಾಲ್ವರಿಗೆ ಒಂದು ಪುಟ ಸಾಕು. ಅಪರಾಧ, ಅಪಘಾತದ ಪುಟಗಳನ್ನು ಮೊದಲೇ ತೆಗೆದಿಡಿ.

‘ಇಂದಿನ ಯಕ್ಷಗಾನ’ ಪಟ್ಟಿಯಿಂದ ಶುರು ಮಾಡಿ. ಯಾವ ಮೇಳ (ಯಕ್ಷಗಾನ ತಂಡ), ಯಾವ ಊರು, ಯಾವ ಪ್ರಸಂಗ (ಆಡುವ ಕಥೆ) ಎಂದು ಹುಡುಕಲಿ. ನಮ್ಮ ಮಂಗಳೂರು ಕಡೆಯ ಮಕ್ಕಳಿಗೆ ಅರ್ಧ ಹೆಸರು ಕೇಳಿ ಗೊತ್ತು, ಆ ಧೈರ್ಯದಲ್ಲೇ ಉಳಿದದ್ದನ್ನೂ ಓದುತ್ತಾರೆ. ಮಳೆಗಾಲದಲ್ಲಿ ಮೇಳಗಳ ತಿರುಗಾಟ ಇರುವುದಿಲ್ಲ. ಆಗ ಅಡಿಕೆ ಧಾರಣೆ ಹಿಡಿಯಿರಿ. ನಿನ್ನೆಗೂ ಇಂದಿಗೂ ಎಷ್ಟು ವ್ಯತ್ಯಾಸ? ಲೆಕ್ಕವೂ ಆಯಿತು.

ಆಮೇಲೆ ಐದು ಸುದ್ದಿಗಳ ಶೀರ್ಷಿಕೆ ಕತ್ತರಿಸಿ ಕಲಸಿ, ಯಾವ ಶೀರ್ಷಿಕೆ ಯಾವ ಸುದ್ದಿಯದು ಎಂದು ಮಕ್ಕಳು ಜೋಡಿಸಲಿ. ಎರಡು ಪ್ರತಿ ಬೇಕು, ಇಲ್ಲದಿದ್ದರೆ ಹಿಂಬದಿಯ ಸುದ್ದಿ ತುಂಡಾಗುತ್ತದೆ. ಮಕ್ಕಳು ಎಡವುವುದು ಇಲ್ಲೇ: ‘ಭಾರಿ ಮಳೆ: ಶಾಲೆಗಳಿಗೆ ರಜೆ’ ಎಂಬಲ್ಲಿ ಕ್ರಿಯಾಪದವೇ ಇಲ್ಲ. ‘ಭಾರಿ ಮಳೆ ಬಂದದ್ದರಿಂದ ರಜೆ ಕೊಟ್ಟಿದ್ದಾರೆ’ ಎಂದು ಪೂರ್ತಿ ವಾಕ್ಯ ಹೇಳಿಸಿ. ಮನೆಮಾತು ತುಳು, ಬ್ಯಾರಿ, ಕೊಂಕಣಿ ಇದ್ದವರು ಮೊದಲು ಅದರಲ್ಲೇ ಹೇಳಲಿ, ತಡೆಯಬೇಡಿ.

ಜೋಡಿಸಿದ್ದನ್ನು ಅಂಟಿಸುವಾಗ ಅಂಟು ನೀರಾದರೆ ಕಾಗದ ಸುಕ್ಕುಗಟ್ಟುತ್ತದೆ, ಮಳೆಗಾಲದಲ್ಲಿ ಬೂಸ್ಟೂ ಹಿಡಿಯುತ್ತದೆ. ನಾಲ್ಕು ಮೂಲೆಗೆ ಮಾತ್ರ ತೆಳುವಾಗಿ ಹಚ್ಚಿಸಿ.

ಗೋಡೆಪತ್ರಿಕೆ ಹಾಕುವವರಿಗೆ ಜುಲೈ 1 ಒಳ್ಳೆಯ ದಿನ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ 1843ರಲ್ಲಿ ಅಂದೇ, ನಮ್ಮ ಮಂಗಳೂರಿನಲ್ಲೇ ಹೊರಟಿತು. ಮಕ್ಕಳಿಗೆ ಇದನ್ನು ಖಂಡಿತ ಹೇಳಿ.

ಬೆರಳಿಗೆ ಮಸಿ ಹತ್ತಿರುತ್ತದೆ, ಬಿಸಿಯೂಟಕ್ಕೆ ಮೊದಲು ಸೋಪು ಹಾಕಿ ಕೈ ತೊಳೆಸಿ.