ಹಳೆಯ ತೂಕದ ಯಂತ್ರ ಕೊಳ್ಳುವ ಮುನ್ನ

ಕಳೆದ ವಾರ ರಾಯಚೂರಿನ ಗುಜರಿ ಅಂಗಡಿಯೊಂದರಲ್ಲಿ, ನಾಣ್ಯ ಹಾಕಿದರೆ ಚೀಟಿ ಉದುರಿಸುವ ಹಳೆಯ ತೂಕದ ಯಂತ್ರ ಕಂಡೆ. ರೈಲು ನಿಲ್ದಾಣದಲ್ಲಿ ನಾವೆಲ್ಲ ಹತ್ತಿ ನಿಲ್ಲುತ್ತಿದ್ದಂಥದ್ದೇ. ‘ಬ್ರಿಟಿಷರ ಕಾಲದ್ದು’ ಎಂದು ಹೇಳಿ ಬಾಯಿಗೆ ಬಂದ ಬೆಲೆ ಕೇಳಿದರು.

ಇಂಥದ್ದು ಸಿಕ್ಕರೆ ಮೊದಲು ನಾಣ್ಯದ ಕಿಂಡಿ ನೋಡಿ. ದಶಮಾನ ಪೈಸೆಯ ಲೆಕ್ಕ ಬಂದದ್ದು 1957ರ ಏಪ್ರಿಲ್‌ನಲ್ಲಿ. ಕಿಂಡಿಯ ಬಳಿ ಆಣೆಯ ಗುರುತು ಎರಕದಲ್ಲೇ ಮೂಡಿದ್ದರೆ ಯಂತ್ರ ಬಹುತೇಕ ಅದಕ್ಕೂ ಹಿಂದಿನದು. ಆದರೆ ಮುಂದಿನ ತಗಡನ್ನು ಬದಲಿಸಿರಲೂಬಹುದು. ನಾನು ನೋಡಿದ್ದರಲ್ಲಿ ‘ಒಂದು ರೂಪಾಯಿ’ ಎಂಬ ತಗಡಿನ ಅಂಚಿನಲ್ಲಿ ಹಳೆಯ ತಿರುಪಿನ ಎರಡು ತೂತುಗಳು ಬಣ್ಣದಡಿ ಮುಚ್ಚಿಹೋಗಿದ್ದವು! ಆದ್ದರಿಂದ ಬಾಗಿಲು ತೆರೆಸಿ, ಒಳಗೆ ನಾಣ್ಯ ಜಾರುವ ದಾರಿಯ ಅಗಲವನ್ನೂ ಅಳೆಯಿರಿ. ಅಲೆಯಂಥ ಅಂಚಿನ ಹಳೆಯ ಒಂದಾಣೆಯೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋದರೆ ಅಲ್ಲೇ ಹಾಕಿ ನೋಡಬಹುದು.

ಹೊರಗಿನ ಹೊಳಪಿಗೆ ಹಣ ಕೊಡಬೇಡಿ. ಒಳಗಿನ ಸನ್ನೆಕೋಲು, ಸ್ಪ್ರಿಂಗ್, ಚೀಟಿಗೆ ಅಚ್ಚು ಒತ್ತುವ ಭಾಗ ಮೂಲದವೇ ಆಗಿದ್ದರೆ ಮಾತ್ರ ಹೆಚ್ಚಿನ ಬೆಲೆ ನ್ಯಾಯ. ಕೊಂಡ ಮೇಲೆ ದಯವಿಟ್ಟು ಹೊಸ ಬಣ್ಣ ಹೊಡೆಸಬೇಡಿ, ಸಂಗ್ರಾಹಕರು ಹುಡುಕುವುದೇ ಆ ಮೂಲ ಬಣ್ಣವನ್ನು. ಬೀಗದ ಕೈ, ತಳದಲ್ಲಿ ಉಳಿದ ಹಳೆಯ ಚೀಟಿಗಳಿದ್ದರೆ ಅವನ್ನೂ ಕೇಳಿ ಪಡೆಯಿರಿ.