ವಿಟಮಿನ್ ಸಿ ಸೀರಮ್ ಎಂಟು ವಾರ ಕೆಡದೆ ನಿಂತ ಬಗೆ: ನನ್ನ ಅನುಭವ

ಮನೆಯಲ್ಲಿ ಕಲಸಿದ ಎಲ್-ಆಸ್ಕಾರ್ಬಿಕ್ ಆಮ್ಲದ (ಅಂದರೆ ಶುದ್ಧ ವಿಟಮಿನ್ ಸಿ) ಸೀರಮ್ ನಮ್ಮ ಸೆಖೆಗೆ ಹದಿನೈದು ದಿನವೂ ನಿಲ್ಲುವುದಿಲ್ಲ ಎಂಬುದು ಸೋಪು, ಕ್ರೀಮು ಮಾಡುವವರಲ್ಲಿ ಬಹುಮಂದಿಯ ಮಾತು. ನನ್ನ ಆರು ಬ್ಯಾಚ್ ಕೆಟ್ಟವು, ಏಳನೆಯದು ನಿಂತಿತು. ಎಂಟು ವಾರ ಕಳೆದರೂ ಅದರ ಬಣ್ಣ ಒಣಹುಲ್ಲಿನ ತಿಳಿ ಹಳದಿಯನ್ನು ದಾಟಲಿಲ್ಲ. ಆಮೇಲಿನ ನಾಲ್ಕು ಬ್ಯಾಚೂ ಹಾಗೆಯೇ ಬಂದಿವೆ. ಹಾಗಾಗಿ ಅದೃಷ್ಟದ ಮಾತು ಬೇಡ.

ಇದೊಂದಕ್ಕೇ ಇಷ್ಟು ಪಾಡು ಪಡಲು ಕಾರಣ ಫೈಬ್ರೊಬ್ಲಾಸ್ಟ್. ಒಳಚರ್ಮದ ಈ ಕೋಶಗಳು ಹೆಣೆಯುವ, ಚರ್ಮವನ್ನು ಬಿಗಿಯಾಗಿಡುವ ಕೊಲಾಜನ್ ಎಂಬ ಪ್ರೊಟೀನಿನ ಎಳೆ ಗಟ್ಟಿಯಾಗಬೇಕಾದರೆ ವಿಟಮಿನ್ ಸಿ ಬೇಕೇ ಬೇಕು. ವಯಸ್ಸಾದಂತೆ ಕೋಶಗಳು ನಿಧಾನವಾಗುತ್ತವೆ, ಬಿಸಿಲು ಇದ್ದ ಎಳೆಗಳನ್ನೂ ಕತ್ತರಿಸುವ ಕಿಣ್ವಗಳನ್ನು ಎಬ್ಬಿಸುತ್ತದೆ. ಸೀರಮ್ ಒಳಗಿಳಿಯಲು ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 3.5ಕ್ಕಿಂತ ಕೆಳಗಿರಬೇಕು, ವಿಟಮಿನ್ ಸಿ ಪ್ರಮಾಣ ಶೇ. 20 ದಾಟಿಸಿದರೆ ಲಾಭವಿಲ್ಲ. ಡ್ಯೂಕ್ ವಿಶ್ವವಿದ್ಯಾಲಯದ ಶೆಲ್ಡನ್ ಪಿನ್ನೆಲ್ ಅವರ ತಂಡ 2001ರಲ್ಲೇ ಇದನ್ನು ತೋರಿಸಿತ್ತು. ಶೇ. 15 ವಿಟಮಿನ್ ಸಿ, ಶೇ. 1 ವಿಟಮಿನ್ ಇ ಇರುವ ದ್ರಾವಣಕ್ಕೆ ಗಿಡಗಳಲ್ಲಿ ಸಿಗುವ ಫೆರುಲಿಕ್ ಆಮ್ಲವನ್ನು ಶೇ. 0.5 ಸೇರಿಸಿದರೆ ಬಿಸಿಲಿನ ವಿರುದ್ಧದ ರಕ್ಷಣೆ ದುಪ್ಪಟ್ಟಾಗುತ್ತದೆ ಎಂದು 2005ರಲ್ಲಿ ಅವರೇ ಕಂಡುಕೊಂಡರು. ನಾನು ಹಿಡಿದದ್ದೂ ಅದೇ ಅಳತೆ.

ನೂರು ಗ್ರಾಂಗೆ: ಆಸ್ಕಾರ್ಬಿಕ್ 15, ಕರಗಿಸುವ ದ್ರವಗಳಾದ ಎಥಾಕ್ಸಿಡೈಗ್ಲೈಕಾಲ್ 10, ಪ್ರೊಪಿಲೀನ್ ಗ್ಲೈಕಾಲ್ 5, ಎಣ್ಣೆಯನ್ನು ನೀರಿನಲ್ಲಿ ಬೆರೆಸುವ ಪಾಲಿಸಾರ್ಬೇಟ್-80 ಎಂಬುದು 3, ಆಲ್ಫಾ ಟೊಕೊಫೆರಾಲ್ (ವಿಟಮಿನ್ ಇ) 1, ಫೆರುಲಿಕ್ 0.5, ಬೂಷ್ಟು ತಡೆಯುವ ಫಿನಾಕ್ಸಿಎಥನಾಲ್ 0.8, ಲೋಹದ ಅಂಶ ಹಿಡಿದಿಡುವ ಡೈಸೋಡಿಯಂ ಇಡಿಟಿಎ 0.1. ಡಿಸ್ಟಿಲ್ಡ್ ವಾಟರ್ ಮೊದಲಿಗೆ 60 ಮಾತ್ರ. ಪಿಎಚ್ ಸರಿಮಾಡಿದ ಮೇಲೆ ನೂರಕ್ಕೆ ತುಂಬಿಸುವುದು.

ನೀರನ್ನು ಹತ್ತು ನಿಮಿಷ ಕುದಿಸಿ, ಮುಚ್ಚಿಟ್ಟು, ಪೂರ್ತಿ ಆರಿಸಬೇಕು. ಕರಗಿರುವ ಆಮ್ಲಜನಕ ಹೋಗುವುದು ಹಾಗೆ. ಅದರಲ್ಲಿ ಮೊದಲು ಇಡಿಟಿಎ, ಆಮೇಲೆ ಆಸ್ಕಾರ್ಬಿಕ್. ಬೇರೆ ಬೀಕರಿನಲ್ಲಿ ಎರಡು ಗ್ಲೈಕಾಲ್ ಸೇರಿಸಿ ಸ್ವಲ್ಪ ಬೆಚ್ಚಗೆ ಮಾಡಿ ಫೆರುಲಿಕ್ ಕರಗಿಸಿ, ಒಂದು ಕಣವೂ ಉಳಿಯಬಾರದು. ಅದಕ್ಕೆ ಪಾಲಿಸಾರ್ಬೇಟ್‌ನಲ್ಲಿ ಕಲಸಿದ ಟೊಕೊಫೆರಾಲ್ ಮತ್ತು ಫಿನಾಕ್ಸಿಎಥನಾಲ್. ಈ ಮಿಶ್ರಣವನ್ನು ನೂಲಿನಂತೆ ಸಣ್ಣಗೆ ನೀರಿಗೆ ಇಳಿಬಿಡಬೇಕು. ಒಮ್ಮೆಲೇ ಸುರಿದರೆ ಮಾರನೆಯ ಬೆಳಿಗ್ಗೆ ತಳದಲ್ಲಿ ಸೂಜಿಯಂಥ ಹರಳುಗಳು. ಎರಡನೆಯ ಬ್ಯಾಚ್ ಹೋದದ್ದು ಹಾಗೆಯೇ. ಸುರಿಯುವಾಗ ಎರಡೂ ಪಾತ್ರೆಗಳ ಶಾಖ ಎಷ್ಟಿರಬೇಕು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಎರಡು ಸಲ ಮಾಡಿದರೆ ನಿಮಗೇ ಸಿಕ್ಕುತ್ತದೆ.

ಕೊನೆಗೆ ಪಿಎಚ್. ಬರೀ ಆಸ್ಕಾರ್ಬಿಕ್ ದ್ರಾವಣ 2ರ ಆಸುಪಾಸು ಇರುತ್ತದೆ, ಮುಖ ಉರಿಯುತ್ತದೆ. ಶೇ. 10ರ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣವನ್ನು ಹನಿಹನಿಯಾಗಿ ಹಾಕಿ 3.0ಕ್ಕೆ ತಂದೆ, ಸುಮಾರು ಎರಡೂವರೆ ಗ್ರಾಂ ಹಿಡಿಯಿತು. ಕಾಗದದ ಪಟ್ಟಿ ನಂಬಿ ಮೂರನೆಯ ಬ್ಯಾಚ್ ಹಾಳಾಯಿತು: ಪಟ್ಟಿ 3 ಅಂದದ್ದು ಮೀಟರಿನಲ್ಲಿ 3.8. ಮೀಟರನ್ನೂ ಪ್ರತಿ ಸಲ 4 ಮತ್ತು 7ರ ಬಫರ್‌ನಲ್ಲಿ (ಪಿಎಚ್ ಗೊತ್ತಿರುವ ದ್ರಾವಣ) ಸರಿಮಾಡಿಕೊಳ್ಳಬೇಕು.

ಮೊದಲ ಬ್ಯಾಚ್ ಬೋರ್‌ವೆಲ್ ಫಿಲ್ಟರ್ ನೀರಿನದು, ಒಂಬತ್ತು ದಿನಕ್ಕೆ ಚಹಾ ಬಣ್ಣ. ಕಬ್ಬಿಣ, ತಾಮ್ರದ ಲವಲೇಶ ಸಾಕು, ಕೆಡುವುದು ಎಷ್ಟೋ ಪಟ್ಟು ಬೇಗ. ಆದ್ದರಿಂದ ಚಮಚ, ಕಡೆಗೋಲು ಯಾವುದೂ ಲೋಹದ್ದು ಬೇಡ, ಗಾಜಿನ ಕಡ್ಡಿಯೇ ಸರಿ. ನಾಲ್ಕನೆಯದಕ್ಕೆ ಔಷಧಿ ಅಂಗಡಿಯ ಹಸಿರು ವಿಟಮಿನ್ ಇ ಕ್ಯಾಪ್ಸೂಲ್ ಒಡೆದು ಹಾಕಿದ್ದೆ. ಅದರಲ್ಲಿರುವುದು ಟೊಕೊಫೆರಾಲ್ ಅಸಿಟೇಟ್, ಬಾಟಲಿಯೊಳಗೆ ಅದು ಏನನ್ನೂ ಕಾಯುವುದಿಲ್ಲ. ಐದನೆಯದು ಅರ್ಧ ತುಂಬಿದ ಬಾಟಲಿ, ಮೇಲಿನ ಗಾಳಿಯೇ ಅದನ್ನು ಮುಗಿಸಿತು. ಆರನೆಯದು ಕಿಟಕಿ ಪಕ್ಕ ಇದ್ದದ್ದು. ಈಗ 15 ಮಿ.ಲೀ.ನ ಕಂದು ಗಾಜಿನ ಬಾಟಲಿಗೆ ಕುತ್ತಿಗೆವರೆಗೆ ತುಂಬಿ ಫ್ರಿಜ್‌ನಲ್ಲಿಡುತ್ತೇನೆ, ಒಂದು ಮುಗಿದ ಮೇಲೆಯೇ ಇನ್ನೊಂದನ್ನು ತೆರೆಯುವುದು. ಕೆಡದಂತೆ ಕಾಯಲು ಸೋಡಿಯಂ ಬೆಂಜೊಯೇಟ್ ಅಗ್ಗ ಎಂದು ಆಸೆಪಡಬೇಡಿ. ಆಸ್ಕಾರ್ಬಿಕ್ ಜೊತೆ ಸೇರಿದರೆ ಕ್ಯಾನ್ಸರ್ ತರಬಲ್ಲ ಬೆಂಜೀನ್ ಹುಟ್ಟುವ ಅಪಾಯವಿದೆ.

ನಡುವೆ ನೆಲ್ಲಿಕಾಯಿಯನ್ನೂ ನೋಡಿದೆ. ಪುಡಿಯ ಕಷಾಯ ಸೋಸಿ ಸೀರಮ್‌ಗೆ ಬೆರೆಸಿದರೆ ಒಗರಿನ ಅಂಶದಿಂದ ಮೊದಲ ದಿನವೇ ಕಂದು, ವಾರಕ್ಕೆ ಬೂಷ್ಟು. ಚಟ್ನಿ, ಉಪ್ಪಿನಕಾಯಿಗೆ ನೆಲ್ಲಿ ಎಷ್ಟು ಒಳ್ಳೆಯದೋ ಇದಕ್ಕೆ ಅಷ್ಟೇ ನಿರುಪಯೋಗಿ. ವಿಟಮಿನ್ ಸಿಯ ಇನ್ನೊಂದು ರೂಪವಾದ ಸೋಡಿಯಂ ಆಸ್ಕಾರ್ಬಿಲ್ ಫಾಸ್ಫೇಟ್ ಮಾತ್ರ ಪಿಎಚ್ 7ರ ಹತ್ತಿರ ಚೆನ್ನಾಗಿ ನಿಂತಿದೆ. ಸೂಕ್ಷ್ಮ ಚರ್ಮದವರಿಗೆ ಅದೇ ವಾಸಿ, ಆದರೆ ಫಲ ಮಂದ.

ಕೆಟ್ಟ ಆರಕ್ಕೆ ಕಳೆದದ್ದು ಸುಮಾರು ಐದು ಸಾವಿರ, ಮೀಟರ್ ಮತ್ತು 0.01 ಗ್ರಾಂ ತೂಗುವ ತಕ್ಕಡಿಗೆ ಇನ್ನೊಂದು ಎರಡು ಸಾವಿರ. ಈಗ ನೂರು ಗ್ರಾಂಗೆ ಬಾಟಲಿ ಸೇರಿ ಮುನ್ನೂರು ರೂಪಾಯಿಯೊಳಗೆ ಮುಗಿಯುತ್ತದೆ, ಅದರಲ್ಲಿ ಹೆಚ್ಚು ತಿನ್ನುವುದು ಎಥಾಕ್ಸಿಡೈಗ್ಲೈಕಾಲ್. ಮಾರುವ ಯೋಚನೆ ಇದ್ದವರಿಗೆ 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಪರವಾನಗಿ ಬೇಕು. ಇದು ಮನೆ ಬಳಕೆಯ ಲೆಕ್ಕ.

ಮೊದಲು ಮೊಣಕೈ ಒಳಭಾಗದಲ್ಲಿ ಹಚ್ಚಿ ಎರಡು ದಿನ ನೋಡಿ. ಬೆಳಿಗ್ಗೆ ಒಣಗಿದ ಮುಖಕ್ಕೆ ನಾಲ್ಕೈದು ಹನಿ, ಆರಿದ ಮೇಲೆ ಸನ್‌ಸ್ಕ್ರೀನ್. ಅದನ್ನು ಬಿಟ್ಟರೆ ಸೀರಮ್ ದಂಡ. ಬಣ್ಣ ಸಮವಾಗಲು ನನಗೆ ಹತ್ತಿರ ಮೂರು ತಿಂಗಳು ಹಿಡಿಯಿತು, ಸಣ್ಣ ಗೆರೆ ಮಾಸಿದ್ದು ಅದಕ್ಕೂ ತಡವಾಗಿ, ಆಳದ ಗೆರೆ ಹಾಗೇ ಇದೆ. ಕೂದಲಂಚಿನಲ್ಲಿ ಕಿತ್ತಳೆ ಕಲೆ ಕಂಡರೆ ಬಾಟಲಿ ಹಳಸಿದೆ ಎಂದೇ ಅರ್ಥ. ಆಸ್ಕಾರ್ಬಿಕ್ ಒಡೆದು ಹುಟ್ಟುವ ಎರಿತ್ರುಲೋಸ್ ಚರ್ಮಕ್ಕೆ ಬಣ್ಣ ಹಿಡಿಸುತ್ತದೆ, ಉಳಿದದ್ದನ್ನು ಚೆಲ್ಲಿಬಿಡಿ.