ಪಿಂಚಣಿ ಪರಿಶೀಲನೆಗೆ ಬಂದಾಗ ಗಾಬರಿ ಬೇಡ

ಚಳ್ಳಕೆರೆ ಕಡೆ ಸಂಧ್ಯಾ ಸುರಕ್ಷಾ ಪಿಂಚಣಿ ತಗೊಳ್ಳೋ ಹಿರಿಯರು ಮನೆಯಲ್ಲಿದ್ದರೆ ಇದನ್ನು ಓದಿ. ಪರಿಶೀಲನೆ ಅಂದ ತಕ್ಷಣ ತಿಂಗಳ 1,200 ರೂಪಾಯಿ ನಿಂತೇ ಹೋಯ್ತು ಅಂತ ನಮ್ಮವ್ವ ಅತ್ತುಬಿಟ್ಟಿದ್ದರು. ಹಾಗೇನಿಲ್ಲ. ಫಲಾನುಭವಿ ಬದುಕಿದ್ದಾರಾ, ಅದೇ ಊರಲ್ಲಿದ್ದಾರಾ, ಆಧಾರ್ ಸರಿ ಇದೆಯಾ, ವಯಸ್ಸು-ಆದಾಯ ನಿಯಮಕ್ಕೆ ಹೊಂದುತ್ತಾ ಅಂತ ನೋಡುತ್ತಾರೆ.

ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಪಿಂಚಣಿ ಮಂಜೂರಾತಿ ಆದೇಶ, ಎಲ್ಲದರ ಜೆರಾಕ್ಸ್ ಒಂದೇ ಕವರಿನಲ್ಲಿಡಿ. ಆದೇಶದ ಪ್ರತಿಯನ್ನೇ ಜಾಸ್ತಿ ಜನ ಕಳೆದುಕೊಂಡಿರುತ್ತಾರೆ.

ನಮಗೆ ತೊಂದರೆ ಆಗಿದ್ದು ಹೆಬ್ಬೆಟ್ಟಿನಿಂದ. ವರ್ಷಗಟ್ಟಲೆ ಶೇಂಗಾ ಸುಲಿದು ಅವ್ವನ ಬೆರಳಿನ ಗೆರೆಗಳೇ ಸವೆದಿವೆ. ಮೆಷಿನ್ ನಾಲ್ಕು ಸಲ ತಗೊಳ್ಳಲಿಲ್ಲ. ಕೈ ತೊಳೆದು, ಒರೆಸಿ, ಬೇರೆ ಬೆರಳು ಇಟ್ಟಾಗ ಬಂತು. ಅದೂ ಆಗದಿದ್ದರೆ ಕಣ್ಣಿನ ಸ್ಕ್ಯಾನ್ ಇದೆಯಾ ಅಂತ ಕೇಳಿ. ಮೊದಲೇ ಆಧಾರ್ ಕೇಂದ್ರದಲ್ಲಿ ಬೆರಳಚ್ಚು ಹೊಸದಾಗಿ ಕೊಟ್ಟಿದ್ದರೆ ಇನ್ನೂ ಒಳ್ಳೇದು.

ಅಜ್ಜಿ ತಿಂಗಳುಗಟ್ಟಲೆ ದಾವಣಗೆರೆಯ ಮಗಳ ಮನೆಗೆ ಹೋಗಿದ್ದರೆ ಗ್ರಾಮ ಆಡಳಿತಾಧಿಕಾರಿಗೆ ಮೊದಲೇ ಒಂದು ಮಾತು ಹೇಳಿ. ಮನೆಗೆ ಬೀಗ ಕಂಡರೆ ಸುಮ್ನೆ ‘ಊರಲ್ಲಿಲ್ಲ’ ಅಂತ ಬರೆದುಕೊಂಡು ಹೋಗಬಹುದು, ಅಲ್ವಾ? ಹಣ ನಿಂತರೆ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಕೇಳಿ ಪಡೆಯಿರಿ. ಫೋನಿನಲ್ಲಿ ಯಾರಾದರೂ ಒಟಿಪಿ ಕೇಳಿದರೆ ಮಾತ್ರ ಕೊಡಲೇಬೇಡಿ.